ಗಾಲಿತ ಜಲವೂ ಇಂದಿನ ಜಲಶೋಧಕವೂ

ನಿತ್ಯ ದೇವದರ್ಶನ, ಸೋಸಿದ ನೀರು, ರಾತ್ರಿಭೋಜನ ತ್ಯಾಗ ಈ ಮೂರರಿಂದ ಜೈನ ಗೃಹಸ್ಥನನ್ನು ಗುರುತಿಸುವ ವಾಡಿಕೆ ಹಿಂದಿನಿಂದಲೂ ಉಂಟು. ಇವುಗಳಲ್ಲಿ ಎರಡನೆಯದು ಈಗ ಯಂತ್ರದ ವಶವಾಗುತ್ತಿದೆ. ಅಡುಗೆಮನೆಯ ಗೋಡೆಗೆ ಜಲಶೋಧಕ ಬಂದೊಡನೆ ಕೊಡದ ಬಾಯಿಗೆ ಹಾಸುತ್ತಿದ್ದ ಬಟ್ಟೆ ಮರೆಯಾಗುತ್ತದೆ. ಯಂತ್ರವೇ ಸೋಸುವಾಗ ಬಟ್ಟೆಯೇಕೆ ಎಂದು ಮಕ್ಕಳು ಕೇಳುವುದು ಸಹಜ. ಆದರೆ ಎರಡರ ಉದ್ದೇಶ ಬೇರೆ. ಯಂತ್ರವು ಕುಡಿಯುವವನನ್ನು ನೀರಿನ ದೋಷದಿಂದ ಕಾಪಾಡುತ್ತದೆ. ಬಟ್ಟೆಯು ನೀರಿನಲ್ಲಿರುವ ತ್ರಸಜೀವಿಗಳನ್ನು ಕುಡಿಯುವವನಿಂದ ಕಾಪಾಡುತ್ತದೆ.

36 ಅಂಗುಲ ಉದ್ದ, 24 ಅಂಗುಲ ಅಗಲದ ಗಟ್ಟಿ ನೇಯ್ಗೆಯ ಬಟ್ಟೆಯನ್ನು ಇಮ್ಮಡಿ ಮಾಡಿ ನೀರನ್ನು ಸೋಸಬೇಕೆಂಬುದು ಪರಂಪರೆಯ ವಿಧಿ. ಹಾಗೆ ಸೋಸಿದ ನೀರಿನ ಮರ್ಯಾದೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿನದು 24 ಗಂಟೆ. ಬಟ್ಟೆಯಲ್ಲಿ ಉಳಿದುದೇ ಜಿವಾನಿ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ಅದನ್ನು ಬಂದ ಬಾವಿಗೇ ಮೆಲ್ಲನೆ ಇಳಿಸಬೇಕು. 13ನೆಯ ಶತಮಾನದ ಪಂಡಿತ ಆಶಾಧರರು 'ಸಾಗಾರಧರ್ಮಾಮೃತ'ದಲ್ಲಿ ಹರಕು ಬಟ್ಟೆಯಲ್ಲಿ ಸೋಸುವುದನ್ನೂ, ಉಳಿದುದನ್ನು ಬೇರೊಂದು ಜಲಾಶಯಕ್ಕೆ ಹಾಕುವುದನ್ನೂ ದೋಷವೆಂದೇ ಗಣಿಸಿದ್ದಾರೆ. ನಲ್ಲಿಗೆ ಕಟ್ಟಿ ಮರೆತ ಬಟ್ಟೆಯಲ್ಲಂತೂ ಸಿಕ್ಕಿದ ಜೀವಿಗಳು ಒಣಗಿ ಸಾಯುತ್ತವೆ. ಅದು ಆಚಾರದ ನೆರಳು ಮಾತ್ರ.

ಬಟ್ಟೆಯಿಂದ ಆರೋಗ್ಯಕ್ಕೂ ಪ್ರಯೋಜನವುಂಟು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸಿದಾಗ ಕಾಲರಾ 48 ಶೇಕಡಾ ಇಳಿಯಿತೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣುಗಳು ಅಂಟಿಕೊಂಡಿರುವ ಸೂಕ್ಷ್ಮ ಜಲಚರಗಳನ್ನು ಬಟ್ಟೆ ತಡೆಯುವುದೇ ಇದಕ್ಕೆ ಕಾರಣ.

ಹಾಗೆಂದು ಬಟ್ಟೆಯಿಂದ ಎಲ್ಲವೂ ಆಗುವುದಿಲ್ಲ. ಗದಗ ಜಿಲ್ಲೆಯ ಒಂದು ಶ್ರಾವಕ ಮನೆಯಲ್ಲಿ ಮೊಮ್ಮಗನ ಹಲ್ಲಿನ ಮೇಲೆ ಕಂದು ಕಲೆಗಳು ಮೂಡಿದವು. ಹಿತ್ತಲ ಬಾವಿಯ ನೀರನ್ನು ಪರೀಕ್ಷಿಸಿದಾಗ ಫ್ಲೋರೈಡ್ ಮಿತಿ ಮೀರಿತ್ತು. ಫ್ಲೋರೈಡ್ ನೀರಿನಲ್ಲಿ ಕರಗಿರುವುದರಿಂದ ಬಟ್ಟೆಗೆ ನಿಲ್ಲುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಅಜ್ಜಿ ಮಾತ್ರ ಯಂತ್ರದ ನೀರನ್ನು ಒಲ್ಲೆನೆಂದರು. "ಅವ್ವಾ, ಅರಿವಿಗೆ ಜೀವ ಸಿಗ್ತಾವ, ವಿಷ ಸಿಗೂದಿಲ್ಲ" ಎಂದ ಮಗ. ಎರಡು ದಿನ ಯೋಚಿಸಿ ಆಕೆ ಹೇಳಿದರು: "ಯಂತ್ರ ಬರಲಿ. ಆದ್ರ ಅರಿವಿ ಮೊದಲು, ಯಂತ್ರ ಆಮ್ಯಾಲೆ." ಆ ಮನೆಯಲ್ಲಿ ಈಗ ನೀರು ಬಟ್ಟೆಯಿಂದ ಸೋಸಲ್ಪಟ್ಟು, ಜಿವಾನಿ ಬಾವಿಗೆ ಮರಳಿದ ಮೇಲೆಯೇ ಯಂತ್ರವನ್ನು ಸೇರುತ್ತದೆ.

ವ್ಯಾಪಾರಿಯು ಸರಕನ್ನು ಪರೀಕ್ಷಿಸದೆ ಕೊಳ್ಳುವುದಿಲ್ಲ. ನೀರಿನ ವಿಷಯದಲ್ಲಿಯೂ ಮೊದಲು ಪ್ರಯೋಗಾಲಯದ ಪರೀಕ್ಷೆ, ಆಮೇಲೆ ಯಂತ್ರದ ಆಯ್ಕೆ. ಯು.ವಿ. ಯಂತ್ರವು ನೇರಳಾತೀತ ಕಿರಣದಿಂದ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಲವಣಗಳನ್ನು ತೆಗೆಯುವುದಿಲ್ಲ. ಯು.ಎಫ್. ಯಂತ್ರವು ಅವುಗಳನ್ನು ಸೂಕ್ಷ್ಮ ಪೊರೆಯಲ್ಲಿ ತಡೆಯುತ್ತದೆ. ಆರ್.ಒ. ಮಾತ್ರ ಕರಗಿದ ಲವಣವನ್ನೂ ಫ್ಲೋರೈಡನ್ನೂ ಬಹುಮಟ್ಟಿಗೆ ಬೇರ್ಪಡಿಸುತ್ತದೆ. 2012ರ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ ಕರಗಿದ ಒಟ್ಟು ಘನಪದಾರ್ಥ 500 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲವಿಲ್ಲದಿದ್ದರೆ ಇವು 2000 ಮತ್ತು 1.5ರವರೆಗೆ ಸಹ್ಯ. ಕರಗಿದ ದೋಷವಿಲ್ಲದ ನೀರಿಗೆ ಆರ್.ಒ. ಅನವಶ್ಯಕ.

ಅನವಶ್ಯಕವೆಂಬ ಈ ಮಾತೇ ಶ್ರಾವಕನಿಗೆ ಮುಖ್ಯ. ಮನೆಬಳಕೆಯ ಅನೇಕ ಆರ್.ಒ. ಯಂತ್ರಗಳು ಒಂದು ಲೀಟರ್ ನೀರು ಕೊಡುವಾಗ ಸುಮಾರು ಮೂರು ಲೀಟರ್ ಹೊರಚೆಲ್ಲುತ್ತವೆ. ನೀರೇ ಶರೀರವಾಗುಳ್ಳ ಅಪ್ಕಾಯಿಕ ಜೀವಿಗಳನ್ನು ನಂಬುವವನು ಈ ಲೆಕ್ಕವನ್ನು ಖರ್ಚಿನ ಕಡೆಗೆ ಬರೆಯಲೇಬೇಕು. ಸಮಂತಭದ್ರಾಚಾರ್ಯರು 'ರತ್ನಕರಂಡ ಶ್ರಾವಕಾಚಾರ'ದಲ್ಲಿ ನೀರನ್ನು ನಿಷ್ಪ್ರಯೋಜಕವಾಗಿ ಬಳಸುವುದನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಮಗುವಿನ ಹಲ್ಲು, ಮೂಳೆ ಉಳಿಸಲು ಮಾಡುವ ವೆಚ್ಚಕ್ಕೆ ಅರ್ಥವುಂಟು. ನೆರೆಮನೆಯಲ್ಲಿದೆಯೆಂದು ಕೊಂಡ ಯಂತ್ರದ ವೆಚ್ಚಕ್ಕೆ ಇಲ್ಲ. ಹೊರಬಂದ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ದನಕರುಗಳಿಗೂ ಹಕ್ಕಿಗಳಿಗೂ ಅದನ್ನು ಇಡಬಾರದು. ಬೇರ್ಪಟ್ಟ ದೋಷವೆಲ್ಲ ಅದರಲ್ಲಿಯೇ ಸೇರಿರುತ್ತದೆ.

ಬಸದಿಗಳ ಟ್ರಸ್ಟಿನವರ ಹೊಣೆ ಇನ್ನೂ ದೊಡ್ಡದು. ಯಾತ್ರಿಕರಿಗಾಗಿ ಯಂತ್ರ ಕೂರಿಸಿ, ಬಾವಿಯನ್ನು ಮುಚ್ಚಿದರೆ ಅಭಿಷೇಕದ ನೀರಿಗೂ ಮುನಿಗಳ ಆಹಾರಕ್ಕೂ ಕೊರತೆಯಾಗುತ್ತದೆ. ಜಿವಾನಿ ಮರಳಲು ಮನೆಯೇ ಇಲ್ಲವಾಗುತ್ತದೆ. ಕೊಳವೆಬಾವಿಗೆ ಅದನ್ನು ಮರಳಿಸಲಾಗದು. ಆದುದರಿಂದ ಬಾವಿಯ ಹೂಳೆತ್ತಿಸುವುದು, ತಳದಲ್ಲಿ ಕೊಂಡಿಯುಳ್ಳ ಬಕೆಟ್ಟನ್ನು ಹಗ್ಗದೊಡನೆ ಇಡುವುದು, ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಫಲಕದಲ್ಲಿ ಬರೆಸುವುದು ಯಂತ್ರಕ್ಕಿಂತ ಮೊದಲಿನ ಕೆಲಸ. ಯಂತ್ರವನ್ನು ಹಣ ಕೊಟ್ಟು ಯಾರೂ ತರಬಹುದು. ಜಿವಾನಿಯನ್ನು ಬಾವಿಗಿಳಿಸಲು ಮಾತ್ರ ಮನೆಯವರ ಕೈಯೇ ಬೇಕು.