ಕೇಳುವವರ ವಿದ್ಯಾಭ್ಯಾಸ

ಮನೆಯ ಮಾತು ಹೊಸ್ತಿಲನ್ನು ದಾಟಬಾರದೆಂದು ಹಿರಿಯರು ನಮಗೆ ಬಾಲ್ಯದಲ್ಲಿಯೇ ಕಲಿಸಿದ್ದರು. ನೆಂಟರಿಷ್ಟರ ಎದುರಿಗೆ ಯಾವುದನ್ನು ಆಡಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂಬ ವಿವೇಕವಿಲ್ಲದವಳು ಎಷ್ಟು ಓದಿದರೂ ಓದಿದವಳಲ್ಲವೆಂಬುದು ನಮ್ಮ ಅಜ್ಜಿಯ ಮತ. ಅಂಥ ಮನೆಯ ಹುಡುಗಿಯೊಬ್ಬಳು ಮೂರು ವರ್ಷಗಳ ಕೆಳಗೆ, ‘ನನ್ನ ಮನಸ್ಸಿಗೆ ಬಂದುದನ್ನೆಲ್ಲ ಒಂದನ್ನೂ ಬಿಡದೆ ಪರರೊಬ್ಬರಿಗೆ ಹೇಳುವುದೇ ನಾನು ಕಲಿಯಬೇಕಾದ ವಿದ್ಯೆಯ ಮೊದಲನೆಯ ಪಾಠ’ ಎಂದು ತಿಳಿಯಪಡಿಸಿದಾಗ ನಮ್ಮಲ್ಲಿ ಎಂಥ ಕೋಲಾಹಲವೆದ್ದಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಈಕೆ ನನ್ನ ತಂಗಿಯ ಮಗಳು. ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಎರಡು ವರ್ಷಗಳ ಎಂ.ಫಿಲ್. ವ್ಯಾಸಂಗವನ್ನು ಮುಗಿಸಿ ಮಣಿಪಾಲದ ಕಡೆಯಲ್ಲಿ ಉದ್ಯೋಗದಲ್ಲಿದ್ದಾಳೆ. ವಾಸವು ಕಾಪುವಿನಲ್ಲಿ, ತಾಯಿಯ ಸಂಗಡ. ಇಷ್ಟು ಕಲಿತು, ಸಂಬಳವನ್ನೂ ಎಣಿಸುತ್ತಿರುವವಳಿಗೆ ಇನ್ನೂ ನಾಲ್ಕಾರು ವರ್ಷಗಳ ಕಲಿಕೆ ಯಾತಕ್ಕೆಂಬುದು ತಂಗಿಯ ಪ್ರಶ್ನೆ. ಅದರಲ್ಲಿಯೂ ಆ ಕಲಿಕೆಯ ರೀತಿ ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಮಗಳು ಮಾಳಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ದೂರದ ನಗರದಲ್ಲಿರುವ ವಿಶ್ಲೇಷಕರೊಬ್ಬರೊಡನೆ ಯಂತ್ರದ ಮೂಲಕ ಮುಕ್ಕಾಲು ಗಂಟೆ ಮಾತನಾಡುವಳು. ಕೆಳಗೆ ಬರುವಾಗ ಒಮ್ಮೊಮ್ಮೆ ಕಣ್ಣು ಕೆಂಪಾಗಿರುವುದು. ಕೇಳಿದರೆ ಹೇಳುವುದಿಲ್ಲ. ‘ಹೆತ್ತವಳಿಗೆ ಹೇಳದ್ದನ್ನು ಯಾರಿಗೋ ಹಣ ಕೊಟ್ಟು ಹೇಳುತ್ತಾಳಲ್ಲ!’ ಎಂದು ತಂಗಿಯು ನನ್ನೆದುರಿಗೆ ಕಣ್ಣೀರಿಟ್ಟುದುಂಟು.

ಕಾರ್ಕಳದ ಬಳಿಯ ತರವಾಡು ಮನೆಯಲ್ಲಿರುವ ನಮ್ಮ ಅಣ್ಣನ ಆಕ್ಷೇಪವು ಬೇರೆಯದು. ‘ರೋಗಿಗೆ ಕೊಡುವ ಕಷಾಯವನ್ನು ವೈದ್ಯನು ತಾನೇ ಮೊದಲು ಕುಡಿಯಬೇಕೆಂದು ಯಾವ ಶಾಸ್ತ್ರದಲ್ಲಿದೆ?’ ಎಂದು ಅವನು ಕೇಳಿದನು. ಅವನು ಕೋಪದಿಂದ ಕೇಳಿದರೂ ಪ್ರಶ್ನೆಯು ಒಳ್ಳೆಯದು. ನಾನು ಶಾಲೆಯಲ್ಲಿ ಪಾಠ ಹೇಳಿದವಳಾದುದರಿಂದ ಇದಕ್ಕೆ ಉತ್ತರವನ್ನು ಹುಡುಕದೆ ಇರುವುದು ನನ್ನಿಂದ ಆಗಲಿಲ್ಲ.

ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡನು ಆರಂಭಿಸಿದ ಮನೋವಿಶ್ಲೇಷಣೆಯ ವಿಚಾರವನ್ನು ಎಲ್ಲರೂ ಅಷ್ಟಿಷ್ಟು ಕೇಳಿಯೇ ಇರುತ್ತಾರೆ. ನಾವು ಮರೆತೆವೆಂದುಕೊಂಡಿರುವುದು ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದು ಕನಸಾಗಿ, ಬಾಯ್ತಪ್ಪಾಗಿ, ಕಾರಣವಿಲ್ಲದ ಭಯವಾಗಿ ತಿರುಗಿ ಬರುತ್ತದೆ. ಅದನ್ನು ಮಾತಿಗೆ ತಂದರೆ ಅದರ ಹಿಡಿತವು ಸಡಿಲವಾಗುತ್ತದೆ—ಸ್ಥೂಲವಾಗಿ ಹೇಳುವುದಾದರೆ ಅವನ ಮತವು ಇದೇ. ಆದರೆ ಇನ್ನೊಬ್ಬರ ಮರೆಯ ಮಾತನ್ನು ಕೇಳತಕ್ಕವರು ಹೇಗೆ ತಯಾರಾಗಬೇಕು? ಮೊದಮೊದಲು ಇದಕ್ಕೆ ಗೊತ್ತಾದ ಕ್ರಮವಿರಲಿಲ್ಲ. ೧೯೨೦ರಲ್ಲಿ ಬರ್ಲಿನ್ ನಗರದಲ್ಲಿ ಮಾಕ್ಸ್ ಐಟಿಂಗನ್, ಕಾರ್ಲ್ ಅಬ್ರಹಾಂ ಮೊದಲಾದವರು ಬಡವರಿಗಾಗಿ ಒಂದು ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಯೇ ಶಿಕ್ಷಣವೂ ಆರಂಭವಾಯಿತು. ಅಲ್ಲಿ ಮೂರು ಕಾಲುಗಳ ಒಂದು ಪೀಠವನ್ನು ಕಟ್ಟಿದರೆನ್ನಬಹುದು: ವಿದ್ಯಾರ್ಥಿಯು ಗ್ರಂಥಗಳನ್ನು ಓದಿ ಚರ್ಚಿಸಬೇಕು, ರೋಗಿಯೊಡನೆ ನಡೆದುದನ್ನು ವಾರವಾರವೂ ಹಿರಿಯರೊಬ್ಬರ ಮುಂದಿಟ್ಟು ತಿದ್ದಿಸಿಕೊಳ್ಳಬೇಕು, ಇವೆರಡಕ್ಕಿಂತಲೂ ಮುಖ್ಯವಾಗಿ, ತಾನೇ ಒಬ್ಬ ವಿಶ್ಲೇಷಕರ ಬಳಿ ರೋಗಿಯಂತೆ ಮಾತನಾಡಬೇಕು. ವಿದ್ಯಾರ್ಥಿಗಳನ್ನು ಹೀಗೆ ಕೇಳುವುದಕ್ಕೆಂದೇ ಹಾನ್ಸ್ ಸಾಕ್ಸನನ್ನು ಬರ್ಲಿನ್ನಿಗೆ ಕರೆಯಿಸಿಕೊಂಡರು. ಒಂದು ಶತಮಾನವೇ ಕಳೆದಿದ್ದರೂ ಈ ವಿದ್ಯೆಯ ಶಿಕ್ಷಣವು ಬಹುಮಟ್ಟಿಗೆ ಆ ಮೂರು ಕಾಲುಗಳ ಮೇಲೆಯೇ ನಿಂತಿದೆ. ವೈದ್ಯಪದವಿಯಿಲ್ಲದವರು ಇದನ್ನು ಅಭ್ಯಸಿಸಬಹುದೇ ಎಂಬ ವ್ಯಾಜ್ಯವು ಎದ್ದಾಗ ಫ್ರಾಯ್ಡನು ೧೯೨೬ರಲ್ಲಿ ಒಂದು ಪುಸ್ತಕವನ್ನೇ ಬರೆದು, ಅಭ್ಯಸಿಸಬಹುದೆಂದು ವಾದಿಸಿದನು. ನಮ್ಮ ಹುಡುಗಿಯಂಥವರಿಗೆ ಬಾಗಿಲು ತೆರೆದುದು ಆ ವಾದವೆಂದರೆ ತಪ್ಪಾಗದು.

ಇನ್ನು ಕಷಾಯದ ಪ್ರಶ್ನೆ. ಇದಕ್ಕೆ ಅವಳು ಕೊಟ್ಟ ಉತ್ತರವು ನನಗೆ ಒಪ್ಪಿಗೆಯಾಯಿತು. ‘ದೊಡ್ಡಮ್ಮಾ, ಒಬ್ಬಳು ಬಂದು ಅತ್ತೆಯನ್ನು ದೂರುತ್ತಾಳೆಂದಿಟ್ಟುಕೊಳ್ಳಿರಿ. ಕೇಳುವ ನನಗೆ ನನ್ನ ಅಮ್ಮನ ಮೇಲೆಯೇ ಒಂದು ಹಳೆಯ ಸಿಟ್ಟಿದ್ದು, ಅದು ನನಗೇ ತಿಳಿಯದೆ ಇದ್ದರೆ, ನಾನು ಅವಳ ಅತ್ತೆಯನ್ನು ಕಾಣುವುದಿಲ್ಲ. ನನ್ನ ಅಮ್ಮನನ್ನು ಕಾಣುತ್ತೇನೆ. ಅವಳಿಗೆ ಹೇಳುವ ಬುದ್ಧಿಯೆಲ್ಲ ನನ್ನ ಸಿಟ್ಟಿನ ಬುದ್ಧಿಯಾಗುತ್ತದೆ. ರೋಗಿಯು ವೈದ್ಯನಲ್ಲಿ ತಂದೆಯನ್ನೋ ಗಂಡನನ್ನೋ ಕಾಣುವುದು ಸಹಜ. ವೈದ್ಯನೂ ರೋಗಿಯಲ್ಲಿ ತನ್ನವರನ್ನು ಕಾಣತೊಡಗಿದರೆ ಇಬ್ಬರೂ ಮುಳುಗಿದಂತೆಯೇ.’ ಊರಿನಲ್ಲಿ ಬುದ್ಧಿ ಹೇಳುವವರಿಗೆ ಬರಗಾಲವಿಲ್ಲ. ಮದುವೆಯ ಚಪ್ಪರದಲ್ಲಿ ಹತ್ತು ಜನ ಸಿಕ್ಕುತ್ತಾರೆ. ಅವರಲ್ಲಿ ಎಷ್ಟು ಮಂದಿ ಎದುರಿಗಿದ್ದವರ ಕಥೆಯನ್ನು ಕೇಳಿದ್ದಾರೆ, ಎಷ್ಟು ಮಂದಿ ತಮ್ಮ ಕಥೆಯನ್ನೇ ಮತ್ತೊಮ್ಮೆ ಕೇಳಿಕೊಂಡಿದ್ದಾರೆ ಎಂದು ನಾನು ಆಮೇಲೆ ಅನೇಕ ಸಲ ಯೋಚಿಸಿದ್ದೇನೆ.

ಇದು ಪರದೇಶದ ಸರಕೆಂದು ತಳ್ಳುವವರಿಗೆ ಹೇಳತಕ್ಕುದೇನೆಂದರೆ, ಇದು ನಮ್ಮ ದೇಶಕ್ಕೆ ಬಂದು ನೂರು ವರ್ಷಗಳ ಮೇಲಾಯಿತು. ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸರು ೧೯೨೨ರಲ್ಲಿಯೇ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಅವರು ಫ್ರಾಯ್ಡನನ್ನು ಕಂಡವರೇ ಅಲ್ಲ; ಪತ್ರಮುಖೇನ ಮಾತ್ರ ಪರಿಚಯ; ಅಭಿಪ್ರಾಯಭೇದ ಬಂದಲ್ಲಿ ಅದನ್ನು ಅಂಜದೆ ಬರೆದು ತಿಳಿಸಿದರು. ಫ್ರಾಯ್ಡನಿಗೆ ಎಪ್ಪತ್ತೈದು ತುಂಬಿದ ೧೯೩೧ರಲ್ಲಿ ಈ ಸಂಘವು ಅವನಿಗೆ ದಂತದ ಒಂದು ವಿಷ್ಣುಮೂರ್ತಿಯನ್ನು ಉಡುಗೊರೆಯಾಗಿ ಕಳುಹಿಸಿತು. ದೇವರನ್ನು ನಂಬದ ಆತನು ಅದನ್ನು ತನ್ನ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡನು. ಉಡುಪಿಯವಳಾದ ನನಗೆ ಈ ಸಂಗತಿಯು ಬಹಳ ಹಿತವೆನಿಸಿತು. ನಮ್ಮ ಕನ್ನಡದಲ್ಲಿಯೂ ಈ ಶಾಸ್ತ್ರವನ್ನು ಮನೆಮನೆಗೆ ಮುಟ್ಟಿಸಿದವರುಂಟು. ೧೯೪೨ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ನಾಡನ್ನೇ ನಗಿಸಿದ ‘ರಾಶಿ’ಯವರು, ಅಂದರೆ ಡಾಕ್ಟರ್ ಎಂ. ಶಿವರಾಮರು, ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ನಗಿಸಬಲ್ಲವನೇ ಅಳುವನ್ನೂ ಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೂ ಸ್ವಾರಸ್ಯವಾದ ವಿಷಯವೊಂದಿದೆ. ಉಡುಪಿಯ ಉತ್ತರಕ್ಕಿರುವ ಕೋಟ ಎಂಬ ಊರಿನ ಹೆಸರು ಪ್ರಪಂಚದ ಮನೋವೈದ್ಯರಿಗೆಲ್ಲ ತಿಳಿದಿದೆ. ಮನೋವೈದ್ಯರಾದ ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರರು ಅಲ್ಲಿಯ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಮಾನಸಿಕ ಕ್ಲೇಶಗಳು ಹೇಗಿವೆಯೆಂದು ವಿಚಾರಿಸಿ ‘ಕೋಟದ ಮಹಾವಿಶ್ವ’ವೆಂಬರ್ಥದ ಹೆಸರುಳ್ಳ ಇಂಗ್ಲಿಷ್ ಗ್ರಂಥವನ್ನು ೧೯೭೬ರಲ್ಲಿ ಪ್ರಕಟಿಸಿದರು. ಅಲ್ಲಿಯ ಜನರು ಕಷ್ಟ ಬಂದಾಗ ಡಾಕ್ಟರರಲ್ಲಿಗೆ ಮಾತ್ರವಲ್ಲ, ವೈದ್ಯ, ಮಂತ್ರವಾದಿ, ಪಾತ್ರಿಗಳಲ್ಲಿಗೂ ಹೋಗುತ್ತಾರೆ, ಅದರಲ್ಲಿ ಅವರಿಗೆ ಯಾವ ವಿರೋಧವೂ ಕಾಣುವುದಿಲ್ಲ ಎಂಬುದನ್ನು ಕಪೂರರು ಹಗುರವಾಗಿ ಕಾಣದೆ ಶ್ರದ್ಧೆಯಿಂದ ಅಭ್ಯಸಿಸಿದರು. ಪಾತ್ರಿಯೆಂದರೆ ಯಾರೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಕಾರ್ಕಳದ ನಂದಳಿಕೆಯಲ್ಲಿ ವರ್ಷಕ್ಕೊಮ್ಮೆ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ ನಡೆಯುತ್ತದೆ. ತುಳುವಿನ ಪಾಡ್ದನದ ಸಿರಿಯು ಗಂಡನ ಮನೆಯಲ್ಲಿ ನೊಂದು, ಅವಮಾನವನ್ನು ತಾಳದೆ ಹೊರಟುಬಂದ ಹೆಣ್ಣು. ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ೧೫,೦೦೦ಕ್ಕೂ ಮಿಕ್ಕ ಸಾಲುಗಳ ಸಿರಿಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಅಚ್ಚು ಹಾಕಿಸಿದರು. ಜಾತ್ರೆಯಲ್ಲಿ ಮೈಮೇಲೆ ಬಂದ ಹೆಣ್ಣುಮಕ್ಕಳು ಹಿಂಗಾರದ ಸಿರಿಯನ್ನು ಹಿಡಿದು ನಡುಗುತ್ತಾರೆ. ಕುಮಾರನೂ ಹಿರಿಯ ಸಿರಿಗಳೂ ಅವರನ್ನು ಮಾತನಾಡಿಸುತ್ತಾರೆ: ನೀನು ಯಾರು, ನಿನಗೇನಾಯಿತು? ಹೊಸಬಳ ಬಾಯಿಯಿಂದ ಮಾತು ಹೊರಡುವವರೆಗೂ ಬಿಡುವುದಿಲ್ಲ. ಮುಂದೆ ಅವಳೇ ವರ್ಷವರ್ಷವೂ ಬಂದು ಪಳಗಿ, ಇನ್ನೊಬ್ಬಳನ್ನು ಮಾತನಾಡಿಸುವ ಹಿರಿಯಳಾಗುವುದೂ ಉಂಟು. ಅಣ್ಣನು ಕೇಳಿದ ಪ್ರಶ್ನೆಗೆ ಶಾಸ್ತ್ರದಲ್ಲಿ ಅಲ್ಲದಿದ್ದರೂ ಸಿರಿಯ ಅಂಗಳದಲ್ಲಿ ಉತ್ತರವಿತ್ತು.

ಹಾಗೆಂದು ಎರಡೂ ಒಂದೇ ಎನ್ನುವವರ ಮಾತನ್ನು ನಾನು ಒಪ್ಪುವವಳಲ್ಲ. ಅಲ್ಲಿ ದುಃಖವು ಸಿರಿಯ ಹೆಸರಿನಲ್ಲಿ ಊರೆಲ್ಲ ಕೇಳುವಂತೆ ನುಡಿಯುತ್ತದೆ. ಇಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ, ತನ್ನ ಹೆಸರಿನಲ್ಲಿಯೇ, ಸಣ್ಣ ದನಿಯಲ್ಲಿ ನುಡಿಯಬೇಕು. ಯಾವುದು ಹೆಚ್ಚು ಕಷ್ಟವೆಂದು ನಾನು ಹೇಳಲಾರೆ. (ನಂದಳಿಕೆಯ ಮುದ್ದಣ ಕವಿಯು ತಾನು ಬರೆದುದನ್ನು ತನ್ನದೆನ್ನದೆ ಯಾರೋ ಹಿಂದಿನವರದೆಂದು ಅಚ್ಚಿಗೆ ಕಳುಹಿಸಿದುದು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ನಮ್ಮ ಕಡೆಯವರಿಗೆ ಸ್ವಂತ ಹೆಸರಿನಲ್ಲಿ ಮಾತನಾಡುವುದು ಅಷ್ಟು ಸುಲಭವಲ್ಲ.)

ಮನೋವಿಶ್ಲೇಷಣೆಯಿಂದ ಎಲ್ಲವೂ ವಾಸಿಯಾಗುವುದೆಂದು ಯಾರೂ ಭಾವಿಸಬಾರದು. ಅದು ದೀರ್ಘಕಾಲದ್ದು, ದುಬಾರಿಯಾದುದು, ಮತ್ತು ಬುದ್ಧಿಭ್ರಮಣೆಯಂಥ ಕಠಿನ ರೋಗಗಳಿಗೆ ಔಷಧವೇ ಮೊದಲನೆಯ ಆಧಾರವೆಂದು ನಮ್ಮ ಹುಡುಗಿಯೇ ಹೇಳುತ್ತಾಳೆ. ಅಂಥ ಮೊದಲನೆಯ ಔಷಧವಾದ ಕ್ಲೋರ್‌ಪ್ರೊಮಜಿನ್ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದುದು ೧೯೫೨ರಲ್ಲಿ. ಈ ಇಸವಿಯು ನನ್ನ ಮನಸ್ಸಿಗೆ ನಾಟಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಅಣ್ಣನ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತರವಾಡು ಮನೆಯಲ್ಲಿ ಮಹಾಲಯದ ದಿನ ಎಲ್ಲ ಎಡೆಗಳನ್ನಿಟ್ಟ ಮೇಲೆ ಉಪ್ಪರಿಗೆಯ ಏಣಿಯ ಬುಡದಲ್ಲಿ ಪ್ರತ್ಯೇಕವಾಗಿ ಒಂದು ಎಲೆಯನ್ನು ಹಾಕುತ್ತಿದ್ದರು. ಯಾರಿಗೆಂದು ಯಾರೂ ಹೇಳುತ್ತಿರಲಿಲ್ಲ. ಹುಡುಗಿಯು ರಜೆಗೆ ಬಂದಾಗ ಅದನ್ನು ಕಂಡಿದ್ದಳು; ಮೇಲಿನ ಕೋಣೆಗೆ ಹೊರಗಿನಿಂದ ಚಿಲಕವಿರುವುದನ್ನೂ ಕಂಡಿದ್ದಳು. ಅವಳ ಶಿಕ್ಷಣದ ಎರಡನೆಯ ವರ್ಷದಲ್ಲಿ ಆ ಕೋಣೆಯು ಕನಸಿನಲ್ಲಿ ಮತ್ತೆ ಮತ್ತೆ ಬರತೊಡಗಿತು. ಒಂದು ಭಾನುವಾರ ಉಡುಪಿಗೆ ಬಂದು, ‘ದೊಡ್ಡಮ್ಮಾ, ಆ ಎಲೆ ಯಾರದು?’ ಎಂದು ಕೇಳಿದಳು. ಹೇಳಕೂಡದೆಂದು ಅಣ್ಣನು ನನಗೂ ತಂಗಿಗೂ ಮೊದಲೇ ಕಟ್ಟಪ್ಪಣೆ ಮಾಡಿದ್ದನು. ನಾನು ಹೇಳಿದೆನು.

ಅದು ನಮ್ಮ ಚಿಕ್ಕಪ್ಪನ ಎಲೆ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದವನು ನಡುವೆಯೇ ಹಿಂದಿರುಗಿದನು. ಅನ್ನದಲ್ಲಿ ವಿಷ ಹಾಕಿದ್ದಾರೆಂದು ಎಲ್ಲರನ್ನೂ ಶಂಕಿಸತೊಡಗಿದನು. ಪಾತ್ರಿ, ಮಂತ್ರವಾದಿ, ವೈದ್ಯರ ಘೃತ ಎಲ್ಲವೂ ಆಯಿತು. ಜಿಲ್ಲೆಯು ಆಗ ಮದ್ರಾಸಿಗೆ ಸೇರಿತ್ತು. ಹುಚ್ಚಾಸ್ಪತ್ರೆಯೆಂದರೆ ಸಮುದ್ರದಾಚೆಯಷ್ಟು ದೂರ. ೧೯೫೧ರಿಂದ ೧೯೬೧ರ ಆಟಿ ತಿಂಗಳವರೆಗೆ ಅವನು ಆ ಕೋಣೆಯಲ್ಲಿದ್ದು ಅಲ್ಲಿಯೇ ತೀರಿಕೊಂಡನು. ಊರವರಿಗೆ ಕಾಶಿಗೆ ಹೋದವನು ಬರಲಿಲ್ಲವೆಂದು ಹೇಳಿದರು. ನನಗೆ ಆಗ ಆರು ವರ್ಷ. ಮೇಲಿನ ಹಲಗೆಯ ಮೇಲೆ ನಡೆದಾಡುವ ಸಪ್ಪಳವಷ್ಟೇ ನೆನಪಿದೆ. ಊಟವನ್ನು ಒಯ್ಯುತ್ತಿದ್ದವನು ಹನ್ನೆರಡು ವರ್ಷದ ಅಣ್ಣ. ಮಾನಸಿಕ ರೋಗಿಗಳನ್ನು ಸರಪಳಿಯಿಂದ ಕಟ್ಟಕೂಡದೆಂದೂ, ಅವರ ರೋಗದ ವಿಚಾರವನ್ನು ಗುಪ್ತವಾಗಿಡಬೇಕೆಂದೂ ೨೦೧೭ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯು ವಿಧಿಸುತ್ತದೆ. ನಮ್ಮ ಮನೆಯಲ್ಲಿ ಸರಪಳಿಯಿರಲಿಲ್ಲ. ಗುಪ್ತವು ಮಾತ್ರ ಬಿಗಿಯಾಗಿತ್ತು. ಆದರೆ ಅದು ರೋಗಿಗಾಗಿ ಅಲ್ಲ, ಹೆಣ್ಣುಮಕ್ಕಳ ಮದುವೆಗಾಗಿ.

ನಾನು ಹೇಳಿದ ಸುದ್ದಿಯು ತಿಳಿದು ಅಣ್ಣನು ನನ್ನೊಡನೆ ನಾಲ್ಕು ತಿಂಗಳು ಮಾತು ಬಿಟ್ಟನು. ನಾನೂ ಪಶ್ಚಾತ್ತಾಪಪಡಲಿಲ್ಲ. ಕಳೆದ ಮಳೆಗಾಲದಲ್ಲಿ ಅವನು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಬಂದು ಕಾಪುವಿನಲ್ಲಿ ತಂಗಿಯ ಮನೆಯಲ್ಲಿ ಹತ್ತು ದಿನ ಉಳಿದುಕೊಂಡನು, ನಾನೂ ಹೋಗಿದ್ದೆ. ಒಂದು ಸಾಯಂಕಾಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದವನು ಸೊಸೆಯನ್ನು ಹತ್ತಿರಕ್ಕೆ ಕರೆದು, ‘ನೀನು ಹೇಳುವುದನ್ನು ಅವರು ಬರೆದುಕೊಳ್ಳುತ್ತಾರೆಯೇ?’ ಎಂದು ಕೇಳಿದನು. ಕೇಳುವಾಗ ಬರೆಯಬಾರದೆಂದು, ಬರೆಯಹೊರಟರೆ ಕಿವಿಯು ತನಗೆ ಬೇಕಾದುದನ್ನು ಮಾತ್ರ ಆರಿಸುವುದೆಂದು, ಫ್ರಾಯ್ಡನೇ ೧೯೧೨ರಲ್ಲಿ ಹೇಳಿದ್ದಾನೆಂದು ಅವಳು ತಿಳಿಸಿದಳು. ‘ಹಾಗಾದರೆ ನೀನೂ ಬರೆದುಕೊಳ್ಳಬೇಡ,’ ಎಂದನು.

ಅನಂತರ ಅವನು ಚಿಕ್ಕಪ್ಪನ ಹೆಸರನ್ನು ಹೇಳಿದನು. ಅರುವತ್ತು ವರ್ಷಗಳಿಂದ ನಮ್ಮವರಾರ ಬಾಯಿಯಿಂದಲೂ ನಾನು ಕೇಳದ ಹೆಸರು, ಇಲ್ಲಿ ಬರೆಯುವುದಿಲ್ಲ. ‘ಅವನು ನನಗೆ ಒಂದು ದಿನವೂ ಕೈಯೆತ್ತಿದವನಲ್ಲ. ಬಟ್ಟಲನ್ನು ಮುಂದಿಟ್ಟರೆ ಸುಮ್ಮನೆ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಮೊದಲು ಒಂದು ತುತ್ತನ್ನು ತಿಂದು ತೋರಿಸಬೇಕಾಗಿತ್ತು. ಆಮೇಲೆ ತಿನ್ನುತ್ತಿದ್ದ. ಹಪ್ಪಳವಿದ್ದರೆ ಅರ್ಧ ಮುರಿದು ನನಗೆ ಕೊಡುತ್ತಿದ್ದ…’

ದೀಪಸ್ತಂಭದ ಬೆಳಕು ತಿರುಗತೊಡಗಿತ್ತು. ಒಳಗೆ ದೀಪ ಹಚ್ಚುವ ಹೊತ್ತು ಮೀರಿದರೂ ಹುಡುಗಿಯು ಕುಳಿತಲ್ಲಿಂದ ಏಳಲಿಲ್ಲ, ತಂಗಿಯೂ ಕರೆಯಲಿಲ್ಲ. ಅಣ್ಣನು ಇನ್ನೂ ಹೇಳುತ್ತಲೇ ಇದ್ದನು.