ಮುಕ್ತಾಯದ ಲೆಕ್ಕ

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಮೃದಂಗವನ್ನೋ, ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲನ್ನೋ ಹವ್ಯಾಸವಾಗಿ ಕಲಿಯುವವರು ಕಡಿಮೆಯೇನಿಲ್ಲ. ಸಿಲ್ಕ್ ಬೋರ್ಡಿನ ಬಳಿ ಕಂಪನಿಯ ಬಸ್ಸು ನಿಂತಲ್ಲೇ ನಿಂತಿರುವಾಗ ತೊಡೆಯ ಮೇಲೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆರಡು ಸಲ ಪೆಟ್ಟು-ಹುಸಿ ಎಂದು ಆದಿತಾಳ ಹಾಕುತ್ತ ಕುಳಿತವರು ಈ ಪಂಗಡದವರೇ. ಇವರಲ್ಲಿ ಕೆಲವರಿಗೆ ಈಚೆಗೆ ಒಂದು ಚಾಳಿ ಅಂಟಿಕೊಂಡಿದೆ. ಮೂರು ಸಲ ನುಡಿದು ತಾಳದ ಗೊತ್ತಾದ ಜಾಗಕ್ಕೆ ಬಂದು ಮುಟ್ಟುವ ಸೊಲ್ಲುಕಟ್ಟಿಗೆ ಮುಕ್ತಾಯವೆಂದು ಹೆಸರು. ಅದನ್ನು ಯೋಚಿಸಿ ಕಟ್ಟುವ ಗೋಜಿಗೆ ಹೋಗದೆ, ಪೈಥಾನಿನಲ್ಲಿ ಒಂದರೊಳಗೊಂದು ಲೂಪು ಹೆಣೆದು, ಸಾಧ್ಯವಿರುವ ಮುಕ್ತಾಯಗಳನ್ನೆಲ್ಲ ಒಟ್ಟಿಗೇ ಪಟ್ಟಿ ಮಾಡಿಸಿ, ಅದರಲ್ಲೊಂದನ್ನು ಹೆಕ್ಕಿಕೊಳ್ಳುವುದೇ ಆ ಚಾಳಿ.

ಈ ಲೆಕ್ಕಕ್ಕೆ ಯಂತ್ರ ಬೇಕಾಗಿಯೇ ಇಲ್ಲ. ಆದಿತಾಳದ ಎಂಟು ಅಕ್ಷರಕಾಲಕ್ಕೆ ತಲಾ ನಾಲ್ಕು ಮಾತ್ರೆಯಂತೆ ಆವರ್ತಕ್ಕೆ 32 ಮಾತ್ರೆ. ಸೊಲ್ಲುಕಟ್ಟು ಬರುವುದು ಮೂರು ಸಲ. ಅವುಗಳ ನಡುವೆ ನುಡಿಸದೆ ಬಿಡುವ ತೆರಪು, ಎಂದರೆ ಕಾರ್ವೆ, ಎರಡು ಸಲ. 32ನ್ನು ಮೂರರಿಂದ ಭಾಗಿಸಿದರೆ ಉಳಿಯುವ ಎರಡನ್ನು ಕಾರ್ವೆಗಳಿಗೆ ಹಂಚಿದರೆ ತಲಾ ಒಂದು ಮಾತ್ರೆ, ಸೊಲ್ಲುಕಟ್ಟಿಗೆ ಹತ್ತು. ಕಾರ್ವೆಯನ್ನು ಮೂರು ಮಾತ್ರೆ ಹಿಗ್ಗಿಸಿದಾಗಲೆಲ್ಲ ಸೊಲ್ಲುಕಟ್ಟು ಎರಡು ಮಾತ್ರೆ ಕುಗ್ಗುತ್ತದೆ: ನಾಲ್ಕಕ್ಕೆ ಎಂಟು, ಏಳಕ್ಕೆ ಆರು. ಸಾಹಿತ್ಯವನ್ನು ಎತ್ತಿಕೊಳ್ಳುವ ಜಾಗವಾದ ಎಡುಪು, ಆವರ್ತ ತೊಡಗುವ ಜಾಗವಾದ ಸಮದಿಂದ ಅರ್ಧ ಅಕ್ಷರ ದಾಟಿದ್ದರೆ ಗುರಿ 34 ಆಗಿ, ಶೇಷ ಒಂದೇ ಉಳಿಯುತ್ತದೆ. ಅದನ್ನು ಇಬ್ಭಾಗ ಮಾಡಲಾಗದ ಕಾರಣ ಹನ್ನೊಂದರ ಸೊಲ್ಲುಕಟ್ಟನ್ನು ಹತ್ತಕ್ಕಿಳಿಸಿ, ಹಾಗೆ ಸಿಕ್ಕ ಮೂರನ್ನೂ ಸೇರಿಸಿಕೊಂಡು ಕಾರ್ವೆಗೆ ಎರಡೆರಡು ಕೊಟ್ಟರಾಯಿತು. ಬಸ್ಸು ಮುಂದಿನ ಸಿಗ್ನಲ್ ಮುಟ್ಟುವಷ್ಟರಲ್ಲಿ ಇಷ್ಟೂ ಬೆರಳ ತುದಿಯಲ್ಲೇ ಮುಗಿಯುತ್ತದೆ, ಹವ್ಯಾಸದ ಸುಖದಲ್ಲಿ ಅರ್ಧಪಾಲು ಇರುವುದೂ ಇಲ್ಲಿಯೇ. ಎಡವುವವರು ಎಡವುವುದು ಸಮವನ್ನು ಒಂದೆಂದು ಎಣಿಸುವುದರಿಂದ. 32 ಮಾತ್ರೆ ಸವೆದ ಜಾಗವೇ ಸಮವಾದ್ದರಿಂದ ಅದು ಸೊನ್ನೆ. ಎಣಿಕೆ ಸೊನ್ನೆಯಿಂದಲೇ ತೊಡಗಬೇಕೆಂದು 1982ರಲ್ಲಿ ಡೈಕ್‌ಸ್ಟ್ರಾ ಬರೆದ ಟಿಪ್ಪಣಿಯನ್ನು ಆಫೀಸಿನಲ್ಲಿ ವೇದವಾಕ್ಯದಂತೆ ಉದ್ಧರಿಸುವವರೂ ಮೃದಂಗದ ಮುಂದೆ ಕುಳಿತೊಡನೆ ಅದನ್ನು ಮರೆಯುತ್ತಾರೆ.

ಪಟ್ಟಿಪ್ರಿಯರು ತಮ್ಮ ಪರವಾಗಿ ಶಾಸ್ತ್ರವನ್ನೂ ಕರೆತರುವುದುಂಟು. ಲಘು-ಗುರುಗಳ ಎಲ್ಲ ಜೋಡಣೆಗಳನ್ನೂ ಸಾಲಾಗಿ ಬರೆಯುವ ಪ್ರಸ್ತಾರ ಪಿಂಗಳನ ಛಂದಶ್ಶಾಸ್ತ್ರದಲ್ಲೇ ಇದೆಯಲ್ಲ ಎನ್ನುತ್ತಾರೆ. 1, 2, 3, 5, 8 ಎಂಬ ಸಂಖ್ಯೆಗಳನ್ನು ಫಿಬೊನಾಚಿಯ 1202ರ ಗ್ರಂಥಕ್ಕಿಂತ ಮೊದಲೇ ಹೇಮಚಂದ್ರ ಹೇಳಿದ್ದನೆಂಬ ಸ್ಲೈಡನ್ನು, ಅದು ಇಲ್ಲದ ತಾಂತ್ರಿಕ ಉಪನ್ಯಾಸವೇ ಅಪೂರ್ವ ಎಂಬಂತಾಗಿರುವಾಗ, ಮತ್ತೊಮ್ಮೆ ತೋರಿಸುತ್ತಾರೆ. ಆದರೆ ಅದೇ ಶಾಸ್ತ್ರ ಪ್ರಸ್ತಾರದ ಪಕ್ಕದಲ್ಲೇ ನಷ್ಟವೆಂಬ ಕ್ರಮವನ್ನೂ ಇಟ್ಟಿದೆ. ಪ್ರಸ್ತಾರವನ್ನು ಬರೆಯದೆಯೇ ಅದರ ಇಂತಿಷ್ಟನೆಯ ಸಾಲು ಯಾವುದೆಂದು ಹೇಳುವ ವಿಧಾನ ಅದು. ಸಂಖ್ಯೆ ಸಮವಾದರೆ ಅರ್ಧಿಸಿ ಲಘು ಬರೆಯಬೇಕು, ಬೆಸವಾದರೆ ಒಂದು ಕೂಡಿಸಿ ಅರ್ಧಿಸಿ ಗುರು ಬರೆಯಬೇಕು. ನಾಲ್ಕಕ್ಷರದ ಪ್ರಸ್ತಾರದ ಆರನೆಯ ಸಾಲು ಬೇಕಿದ್ದರೆ ಆರು ಸಮ, ಲಘು. ಮೂರು ಬೆಸ, ಗುರು. ಎರಡು ಸಮ, ಲಘು. ಒಂದು ಬೆಸ, ಗುರು. ಪಂಪ-ರನ್ನರ ಕೈಯಲ್ಲಿ ಪಳಗಿದ ಮತ್ತೇಭವಿಕ್ರೀಡಿತದಂಥ ಇಪ್ಪತ್ತಕ್ಷರದ ಪಾದಕ್ಕೆ ಪ್ರಸ್ತಾರದ ಸಾಲುಗಳು 10,48,576. ನಷ್ಟದ ಹೆಜ್ಜೆಗಳು ಇಪ್ಪತ್ತೇ. ಕಂಪ್ಯೂಟರಿನ ದ್ವಿಮಾನ ಲೆಕ್ಕವನ್ನು ಬಲ್ಲವರಿಗೆ ಇದರ ಸೊಗಸು ಬಿಡಿಸಿ ಹೇಳಬೇಕಾದುದಲ್ಲ. ಪಿಂಗಳನ ಹೆಸರು ಹೇಳಿಕೊಂಡು ಲೂಪು ಸುತ್ತುವವರು ಪಿಂಗಳನ ಸೂತ್ರಗಳಲ್ಲೇ ಇರುವ ಈ ಎರಡು ಸಾಲಿನ ವಿಧಿಯತ್ತ ಕಣ್ಣೆತ್ತಿಯೂ ನೋಡದಿರುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಪಟ್ಟಿಯ ದೊಡ್ಡ ದೋಷವೆಂದರೆ ಅದಕ್ಕೆ ಎಲ್ಲವೂ ಒಂದೇ. ಹತ್ತು ಮಾತ್ರೆಯನ್ನು ಕ್ರಮವನ್ನೂ ಗಣಿಸಿ ಒಡೆಯುವ ಬಗೆಗಳು 512. ಅವುಗಳಲ್ಲಿ ಐದೈದಾಗಿ ಒಡೆದದ್ದನ್ನು ‘ತದಿಗಿಣತೊಂ ತದಿಗಿಣತೊಂ’ ಎಂದು ನಾಲಗೆ ಹೇಳಿಕೊಡದೆಯೂ ನುಡಿಯುತ್ತದೆ, ಒಂದು-ಎಂಟು-ಒಂದು ಎಂದು ಒಡೆದದ್ದನ್ನು ನುಡಿಯಲು ಹೋದರೆ ತೊದಲುತ್ತದೆ, ಯಂತ್ರವಾದರೋ ಎರಡನ್ನೂ ಸರಿಯೆನ್ನುತ್ತದೆ. ಆರರ ಸೊಲ್ಲುಕಟ್ಟಿಗೆ ಏಳರ ಕಾರ್ವೆಯಿರುವ ಮುಕ್ತಾಯವನ್ನು ನುರಿತ ಕೈ ಬಿಗಿಯಾಗಿ ನಿಲ್ಲಿಸಬಲ್ಲುದು. ಪಟ್ಟಿಯಿಂದ ಹೆಕ್ಕಿ ತಂದವರಿಗೆ ಆ ತೆರಪಿನಲ್ಲಿ ತಾಳವನ್ನು ತಾಳಿಕೊಳ್ಳುವ ವ್ಯವಧಾನವಿರುವುದಿಲ್ಲವಾಗಿ, ಏಳು ಆರಾಗಿ, ಮುಕ್ತಾಯ ಸಮಕ್ಕೆ ಮೊದಲೇ ಬಿದ್ದು, ಪಿಟೀಲಿನವರು ಪಲ್ಲವಿ ಎತ್ತಬೇಕೋ ಬೇಡವೋ ಎಂದು ಮುಖ ಮುಖ ನೋಡುವಂತಾಗುತ್ತದೆ. ಆಗಲೂ ಬರುವ ಸಮಜಾಯಿಷಿ ‘ಲೆಕ್ಕ ಸರಿಯಾಗಿಯೇ ಇತ್ತು’ ಎಂಬುದೇ. ಇದಕ್ಕೆ ಮದ್ದೆಂದು ಕೆಲವರು ಈಗ ಪ್ರತಿ ಮುಕ್ತಾಯದ ಸೊಗಸಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಇನ್ನೊಂದು ಫಂಕ್ಷನ್ ಬರೆಯಲು ತೊಡಗಿದ್ದಾರೆ; ಗುರುಗಳ ಮುಂದೆ ಕುಳಿತು ಬಾಯಿಬಿಟ್ಟು ಹೇಳಿದ್ದರೆ ಎರಡನೆಯ ಆವರ್ತಕ್ಕೇ ತಿಳಿಯುತ್ತಿದ್ದ ಸಂಗತಿಗೆ ಅವರು ಟೆಸ್ಟ್ ಕೇಸುಗಳನ್ನೂ ಸಿದ್ಧಪಡಿಸುತ್ತಿದ್ದಾರೆ.