ಕೀಳದೆ ಬಿಟ್ಟ ಕೆಂಪು ಗುಂಡಿ

ರಿಚರ್ಡ್ಸ್ ಟೌನ್ ಅಂದರೆ ಎಲ್ಲರಿಗೂ ಪಾರ್ಕು, ಹಂಚಿನ ಬಂಗಲೆ, ದೊಡ್ಡ ದೊಡ್ಡ ಮರ ನೆನಪಾಗುತ್ತವೆ. ನನಗೆ ನೆನಪಾಗುವುದು ಒಂದು ಕಾರ್ ಶೆಡ್ಡು! ಅದರೊಳಗೆ ಕಾರಿರಲಿಲ್ಲ, ಒಂದು ಚಿತ್ರ ತಯಾರಿಕೆಯ ಕಂಪನಿಯಿತ್ತು.

ಅದು 1988. ನಾನು ಹೊಸಕೋಟೆ ಕಡೆಯ ಹುಡುಗ. ಪಕ್ಕದ ಮನೆಯ ಟೀವಿ ಮುಂದೆ ಕೂತು ‘ಮಾಲ್ಗುಡಿ ಡೇಸ್’ ನೋಡಿ ಕೆಟ್ಟವನು. ಮಾತು ಹಿಂದಿ, ಆದರೆ ಊರು ನಮ್ಮ ಆಗುಂಬೆ, ಡೈರೆಕ್ಟರು ನಮ್ಮ ಶಂಕರ್‌ನಾಗ್, ಕ್ಯಾಮೆರಾ ಎಸ್. ರಾಮಚಂದ್ರ, ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್, ಅವನಪ್ಪ ಗಿರೀಶ್ ಕಾರ್ನಾಡ್! ನಮ್ಮವರು ಇಲ್ಲೇ ತೆಗೆದದ್ದನ್ನು ದೇಶವೆಲ್ಲ ನೋಡುತ್ತೆ ಅಂದಮೇಲೆ ನಾನ್ಯಾಕೆ ಒಂದು ಕೈ ನೋಡಬಾರದು ಅಂತ ಅಪ್ಪನ ಹತ್ತಿರ ಇನ್ನೂರು ರೂಪಾಯಿ ಇಸಕೊಂಡು ಶಿವಾಜಿನಗರದ ಬಸ್ಸು ಹತ್ತಿಬಿಟ್ಟೆ.

ಕಂಪನಿ ಅಂದರೆ ಆರ್ಕ್ ಲೈಟು, ಹೀರೋಯಿನ್ನು ಅಂದುಕೊಂಡಿದ್ದೆ. ಇದ್ದದ್ದು ಎರಡು ಯೂಮ್ಯಾಟಿಕ್ ಡೆಕ್ಕು, ಒಂದು ಮಾನಿಟರು, ಒಂದು ಸೊಳ್ಳೆಬತ್ತಿ! ಯಜಮಾನರು ಕಂಟೋನ್ಮೆಂಟಿನವರು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಇಂಗ್ಲಿಷು, ಬೈಗುಳ ಮಾತ್ರ ಅಚ್ಚಗನ್ನಡ.

ಈಗಿನ ಹುಡುಗರು ಮೊಬೈಲಿನಲ್ಲೇ ಎಡಿಟಿಂಗ್ ಮುಗಿಸುತ್ತಾರೆ. ಆಗ ಹಾಗಲ್ಲ ಸ್ವಾಮಿ. ಮುಕ್ಕಾಲು ಇಂಚಿನ ಟೇಪು. ಒಂದು ಡೆಕ್ಕಿನಲ್ಲಿ ಓಡಿಸಿ ಇನ್ನೊಂದಕ್ಕೆ ಒಂದೊಂದೇ ಶಾಟು ಇಳಿಸಬೇಕು. ಐದನೇ ನಿಮಿಷದಲ್ಲಿ ಒಂದು ಶಾಟು ಉದ್ದ ಮಾಡಬೇಕಾಯಿತೋ, ಅಲ್ಲಿಂದ ಮುಂದಿನದೆಲ್ಲ ಮತ್ತೆ ಮೊದಲಿಂದ! ಕಾಪಿಯ ಕಾಪಿ ಮಾಡಿದರೆ ಮದುಮಗಳ ಕೆಂಪು ಸೀರೆ ಪಕ್ಕದವರ ಮೇಲೆಲ್ಲ ಹರಿದುಬಿಡುತ್ತಿತ್ತು.

ಹೌದು, ಮದುವೆ. ಬ್ಯಾಂಕಿನ ಟ್ರೇನಿಂಗ್ ಚಿತ್ರ, ಜಾಹೀರಾತು ಎಲ್ಲಾ ಮಾಡುತ್ತಿದ್ದೆವು. ಬಾಡಿಗೆ ಕಟ್ಟುತ್ತಿದ್ದದ್ದು ಮಾತ್ರ ಮದುವೆಗಳೇ. ಆಷಾಢದಲ್ಲಿ ಊರೆಲ್ಲ ಸುಮ್ಮನಿದ್ದರೂ ಕಂಟೋನ್ಮೆಂಟಿನಲ್ಲಿ ನಿಕಾಹ್ ಉಂಟು, ಚರ್ಚಿನ ಮದುವೆ ಉಂಟು. ನಮಗೆ ಉಪವಾಸ ಬೀಳಲಿಲ್ಲ.

ಆದರೆ ಯಜಮಾನರಿಗೊಂದು ಹುಚ್ಚು. ನಾಟಕ ಕಂಪನಿಗಳ ಮೇಲೆ ಕನ್ನಡದಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಬೇಕು ಅಂತ. ಉದಯ ಟೀವಿ ಬಂದದ್ದು 1994ರಲ್ಲಿ. ಆಗ ಟೀವಿ ಅಂದರೆ ದೂರದರ್ಶನ ಒಂದೇ. ಕೊಳ್ಳುವವರು ಯಾರು ಅಂತ ಕೇಳಿದರೆ ಬೈಯುತ್ತಿದ್ದರು. ಜೀವನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಹಿಡಿದು, ಇಪ್ಪತ್ತು ನಿಮಿಷದ ಐದು ಕ್ಯಾಸೆಟ್ ತುಂಬಿಸಿಕೊಂಡೆವು. ಐದನೆಯದರ ತುಂಬ ಹಾಡು.

ಯೂಮ್ಯಾಟಿಕ್ ಕ್ಯಾಸೆಟ್ಟಿನ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ಕಿತ್ತರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. “ತಂಬಿ, ಐದೂ ಗುಂಡಿ ಕಿತ್ತು ಬೀರುವಿನಲ್ಲಿಡು” ಅಂದರು ಯಜಮಾನರು. ನನಗೆ ಫ್ರೇಜರ್ ಟೌನಿನ ಎವರೆಸ್ಟ್ ಟಾಕೀಸಿನ ಮ್ಯಾಟಿನಿಗೆ ಹೊತ್ತಾಗುತ್ತಿತ್ತು. ನಾಲ್ಕು ಕಿತ್ತೆ. ಐದನೆಯದು ಮೇಜಿನ ಮೇಲೇ ಉಳಿಯಿತು.

ಎರಡು ದಿನ ಬಿಟ್ಟು ಒಂದು ಚರ್ಚಿನ ಮದುವೆಯ ಟೇಪು ನೋಡುತ್ತಾ ಒಬ್ಬನೇ ಕೂತಿದ್ದೆ. ಹದಿನೆಂಟನೇ ನಿಮಿಷಕ್ಕೆ ಹುಡುಗ ಹುಡುಗಿ ಅಂಬಾಸಡರ್ ಕಾರು ಹತ್ತಿದರು. ತೆರೆ ಒಂದು ಸಲ ಅದುರಿತು. ಆಮೇಲೆ.... ಮೇಷ್ಟ್ರು! ಕಣ್ಣುಮುಚ್ಚಿ ಹಾಡುತ್ತಿದ್ದಾರೆ! ಎರಡೇ ನಿಮಿಷ. ಟೇಪು ಮುಗಿಯಿತು.

ಆ ರಾತ್ರಿ ಊರಿಗೆ ಓಡಿಹೋಗೋಣ ಅಂತಲೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಯಜಮಾನರಿಗೆ ಹೇಳಿದೆ. ಬೈಯಲಿಲ್ಲ. ಅದೇ ಭಯವಾದದ್ದು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜೀವನಹಳ್ಳಿಗೆ ಹೋಗಿ, “ನೀನೇ ಹೇಳು” ಅಂದರು.

ಮೇಷ್ಟ್ರು ನಕ್ಕರು. “ಕಂಪನಿ ನಾಟಕದಲ್ಲಿ ರಾತ್ರಿ ಹಾಡಿದ್ದೆಲ್ಲ ಬೆಳಗಾಗುವಷ್ಟರಲ್ಲಿ ಅಳಿಸಿ ಹೋಗ್ತಿತ್ತಪ್ಪಾ. ಒಂದು ಟೇಪಿಗೆ ಯಾಕೆ ಅಳ್ತೀಯ?” ಅಂದು ಪೆಟ್ಟಿಗೆ ಎಳೆದುಕೊಂಡರು. ಮೇಲಿನ ಸ್ವರಕ್ಕೆ ಹೋದೊಡನೆ ಕೆಮ್ಮು. ಮೂರು ಸಲ ನೋಡಿದರು. ಮಗಳು ಬಂದು ಪೆಟ್ಟಿಗೆ ಮುಚ್ಚಿದರು.

ಚಿತ್ರ ಸಿದ್ಧವಾಗುವ ಹೊತ್ತಿಗೆ ಮೇಷ್ಟ್ರಿರಲಿಲ್ಲ. ಮಗಳು ಶೆಡ್ಡಿಗೆ ಬಂದು ನಿಂತುಕೊಂಡೇ ನೋಡಿದರು. ಹಾಡು ಬಂತು, ಮುಗಿಯಿತು. ನನ್ನ ಕಡೆ ತಿರುಗಿ “ಇಷ್ಟೇನಾ?” ಅಂದರು.

ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಆ ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿದೆ. ಗುಂಡಿ ಅವತ್ತೇ ಕಿತ್ತೆ.